250 ಓಕೆ ಅಂದ್ರೆ ತಲುಪಿತು ಅಂತಲ್ಲ

ಕಳೆದ ವರ್ಷ ಆಗಸ್ಟಿನ ಒಂದು ಸಂಜೆ. ಔಟರ್ ರಿಂಗ್ ರೋಡಿನಲ್ಲಿ ಆಫೀಸ್ ಕ್ಯಾಬ್ ನಿಂತಲ್ಲೇ ನಿಂತಿತ್ತು. ಊರಿಂದ ಫೋನ್ ಬಂತು. ನಮ್ಮೂರು ಅಂದರೆ ಹೊಳಲ್ಕೆರೆ ತಾಲೂಕಿನ ರಾಮಗಿರಿ ಪಕ್ಕದ ಒಂದು ಹಳ್ಳಿ. ಹಿತ್ತಲಲ್ಲಿ ನಿಂತರೆ ಕರಿಸಿದ್ದೇಶ್ವರ ಸ್ವಾಮಿ ಬೆಟ್ಟ ಕಾಣುತ್ತೆ. ಫೋನ್ ಮಾಡಿದ್ದು ಡಿಪ್ಲೊಮಾ ಓದುತ್ತಿರೋ ನಮ್ಮೂರ ಹುಡುಗಿ.

"ಅಣ್ಣಾ, ಈ ಸಲ ಲಿಸ್ಟಲ್ಲಿ ನನ್ ಹೆಸ್ರು ಬರ್ಲಿಲ್ವಾ?"

ಬಂದಿತ್ತು. ಎರಡನೇ ಹೆಸರೇ ಅವಳದು. ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳು ಸೇರಿ ಮಾಡಿಕೊಂಡಿರೋ ಒಂದು ಸಣ್ಣ ಬಳಗ ಇದೆ. ವರ್ಷಕ್ಕೆ ಹನ್ನೆರಡೋ ಹದಿನಾಲ್ಕೋ ಮಕ್ಕಳ ಕಾಲೇಜು ಫೀಸು ಕಟ್ಟುತ್ತೀವಿ. ಆಯ್ಕೆಯಾದವರಿಗೆ ಇಮೇಲ್ ಹೋಗುತ್ತೆ, ಹತ್ತು ದಿನದೊಳಗೆ ಕಾಲೇಜಿನ ರಸೀದಿ, ಬ್ಯಾಂಕಿನ ವಿವರ ಕಳಿಸಬೇಕು. ಕಳಿಸದಿದ್ದರೆ ಬೇಡ ಅಂತ ತಿಳಿದು ಮುಂದಿನ ಹೆಸರಿಗೆ ಹೋಗ್ತೀವಿ. ಇವಳಿಂದ ಉತ್ತರ ಬರಲಿಲ್ಲ. ಮುಂದಿನ ಹೆಸರಿಗೆ ಹೋದೆವು. ಇವಳ ಅಪ್ಪ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಹದಿನೆಂಟು ಸಾವಿರ ತಂದು ಫೀಸು ಕಟ್ಟಿದರು.

ಅವತ್ತು ರಾತ್ರಿ ಲ್ಯಾಪ್‌ಟಾಪ್ ತೆಗೆದು ಸರ್ವರಿನ ಲಾಗ್ ನೋಡಿದೆ. ನಮ್ಮ ಮೇಲ್ ಸರ್ವರ್ ನಾನೇ ಕಟ್ಟಿ, ನಾನೇ ನೋಡಿಕೊಳ್ಳೋದು. ಲಾಗಿನಲ್ಲಿ ಸ್ಪಷ್ಟವಾಗಿ ಇತ್ತು: ಜುಲೈ 22, ಬೆಳಿಗ್ಗೆ 10 ಗಂಟೆ 14 ನಿಮಿಷ, ಅವಳ ವಿಳಾಸ, ಸ್ಟೇಟಸ್ ಸೆಂಟ್, 250 ಓಕೆ. ಆ ಕಡೆ ಸರ್ವರು "ಸರಿ, ತಗೊಂಡೆ" ಅಂದಿದೆ. ಅವಳಿಗೆ ಸ್ಪ್ಯಾಮ್ ಫೋಲ್ಡರ್ ಎಲ್ಲಿದೆ ಅಂತ ಫೋನಲ್ಲೇ ಹೇಳಿಕೊಟ್ಟೆ. ಪತ್ರ ಅಲ್ಲಿತ್ತು. ಒಂದು ಆನ್‌ಲೈನ್ ಲಾಟರಿ, ಮೂರು ಲೋನ್ ಜಾಹೀರಾತುಗಳ ಮಧ್ಯೆ.

ಮಾರನೇ ದಿನ ಅವಳ ಅಪ್ಪ ಫೋನ್ ಮಾಡಿದರು. ನನಗೆ ವರಸೆಯಲ್ಲಿ ಮಾವ ಆಗಬೇಕು. ಜಗಳಕ್ಕೆ ಬರಲಿಲ್ಲ, ಅದೇ ಕಷ್ಟ. "ಏನಪ್ಪ ಇಂಜಿನಿಯರು, ನಿನ್ ಕಂಪ್ಯೂಟ್ರು ಕಳ್ಸೀನಿ ಅಂತೈತೆ, ನಮ್ ಹುಡ್ಗಿ ಬಂದಿಲ್ಲ ಅಂತಾಳೆ. ನಾನ್ ಯಾರ್ ಮಾತು ನಂಬ್ಲಿ ಹೇಳು?" ಇಬ್ಬರೂ ನಿಜ ಹೇಳ್ತಿದ್ದಾರೆ ಮಾವ ಅಂತ ಅಂದೆ. ಅಡಿಕೆ ಸುಲಿಸುತ್ತಾ ನಿಂತಿದ್ದ ಮನುಷ್ಯನಿಗೆ ಅದನ್ನು ಹೇಗೆ ಬಿಡಿಸಿ ಹೇಳೋದು ಅಂತ ಇವತ್ತಿಗೂ ಗೊತ್ತಾಗಿಲ್ಲ. ನಿಮಗಾದರೂ ಹೇಳ್ತೀನಿ. ನೀವು ದಿನಾ ಇದೇ ಇಮೇಲಲ್ಲಿ ಸಂಬಳ ಎಣಿಸೋ ಜನ.

ಮೊದಲು ನಿಮ್ಮ ಪ್ರಶ್ನೆ ತಗೊಳ್ತೀನಿ. ಈ ಕಥೆ ಆಫೀಸಲ್ಲಿ ಹೇಳಿದರೆ ಹತ್ತರಲ್ಲಿ ಎಂಟು ಜನ ಕೇಳೋದು ಒಂದೇ. "ಅಲ್ಲ ಗುರು, 2025ರಲ್ಲಿ ಯಾರು ಸ್ವಂತ ಮೇಲ್ ಸರ್ವರ್ ಇಟ್ಕೋತಾರೆ? ಸುಮ್ನೆ ಜಿಮೇಲ್ ಮಾಡ್ಕೊಳ್ಳೋದಲ್ವಾ?" ಹೇಳೋ ಧಾಟಿ ಹೇಗಿರುತ್ತೆ ಅಂದರೆ, ಮನೆಯಲ್ಲಿ ಹಸು ಕಟ್ಟಿದ್ದೀನಿ ಅಂದವನಿಗೆ ನಂದಿನಿ ಬೂತ್ ಇಲ್ವಾ ಅಂತ ಕೇಳಿದ ಹಾಗೆ.

ಮಾಡ್ಕೊಂಡಿದ್ವಿ ಸ್ವಾಮಿ. ಮೊದಲ ಎರಡು ವರ್ಷ ಬಳಗದ ಪತ್ರವೆಲ್ಲ ಒಂದು ದೊಡ್ಡ ಕಂಪನಿಯ ಬಿಟ್ಟಿ ಖಾತೆಯಲ್ಲೇ ನಡೀತಿತ್ತು. ಅದನ್ನು ತೆರೆದಿದ್ದ ಗೆಳೆಯ ದುಬೈಗೆ ಹೋದ, ಇಲ್ಲಿನ ಸಿಮ್ ಬಿಟ್ಟ. ಒಂದು ದಿನ ಖಾತೆ ನಮ್ಮನ್ನು ಅನುಮಾನಿಸಿ ಆ ಹಳೇ ನಂಬರಿಗೆ ಓಟಿಪಿ ಕಳಿಸ್ತು. ಅಲ್ಲಿಗೆ ಮುಗೀತು. ಎರಡು ವರ್ಷದ ಪತ್ರ, ದಾನಿಗಳ ವಿಳಾಸ, ರಸೀದಿ, ಎಲ್ಲ ಒಳಗೆ. ನಾವು ಹೊರಗೆ. ತಪ್ಪು ನಮ್ಮದೂ ಇತ್ತು, ಒಪ್ತೀನಿ. ಆದರೆ ಮಾತಾಡೋಕೆ ಒಂದು ನರಪಿಳ್ಳೆ ಸಿಗಲಿಲ್ಲ. ಫಾರಂ ತುಂಬಿದರೆ ಯಂತ್ರ ಉತ್ತರ ಕೊಡುತ್ತೆ, ಅದಕ್ಕೆ ಉತ್ತರ ಬರೆದರೆ ಇನ್ನೊಂದು ಯಂತ್ರ. 2021ರಲ್ಲಿ ಬೇಸತ್ತು ನಮ್ಮದೇ ಡೊಮೈನ್ ತಗೊಂಡು, ತಿಂಗಳಿಗೆ ಐನೂರು ರೂಪಾಯಿಯ ಒಂದು ಬಾಡಿಗೆ ಸರ್ವರಿನ ಮೇಲೆ ಪೋಸ್ಟ್‌ಫಿಕ್ಸ್ ಹಾಕಿದೆ. ವೀಟ್ಸೆ ವೆನೆಮಾ ಅನ್ನೋರು ಬರೆದ ತಂತ್ರಾಂಶ ಅದು, 1998ರಿಂದ ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಇಷ್ಟು ಗಟ್ಟಿಯಾಗಿ ಬರೆದ ಕೋಡು ನಾನು ಕೆಲಸ ಮಾಡಿದ ಯಾವ ಕಂಪನಿಯಲ್ಲೂ ನೋಡಿಲ್ಲ.

ಈಗ ನನ್ನ ತಪ್ಪುಗಳು. ಜಗಳಕ್ಕೆ ಹೋಗೋ ಮುಂಚೆ ನಮ್ಮ ಮನೆ ಗುಡಿಸಿಕೊಳ್ಳಬೇಕು.

ಮೊದಲನೇ ತಿಂಗಳು ನಮ್ಮ ಪತ್ರಗಳು ಅರ್ಧಕ್ಕರ್ಧ ಹೋಗ್ತಾನೇ ಇರಲಿಲ್ಲ. ಕಾರಣ ಹುಡುಕಿದರೆ, ಪಿಟಿಆರ್ ದಾಖಲೆ ಇಟ್ಟಿರಲಿಲ್ಲ. ಹೆಸರು ಹೇಳಿ ನಂಬರ್ ಹುಡುಕೋದು ಡಿಎನ್‌ಎಸ್ಸಿನ ಮಾಮೂಲಿ ಕೆಲಸ. ನಂಬರ್ ಹೇಳಿದರೆ ಹೆಸರು ಹೇಳೋದು ಪಿಟಿಆರ್. ನನ್ನ ಐಪಿ ನಂಬರನ್ನು ಯಾರಾದರೂ "ನೀನು ಯಾರ ಮಗ?" ಅಂತ ಕೇಳಿದರೆ ಅದು ಬಾಡಿಗೆ ಕಂಪನಿ ಕೊಟ್ಟ ಉದ್ದನೆಯ ಅಂಕಿಗಳ ಹೆಸರು ಹೇಳ್ತಿತ್ತು. ಸರ್ವರೇನೋ "ನಾನು ಬಳಗದ ಮೇಲ್" ಅಂತ ಪರಿಚಯ ಮಾಡಿಕೊಳ್ಳೋದು, ನಂಬರು ಬೇರೆ ಅಪ್ಪನ ಹೆಸರು ಹೇಳೋದು. ನಂಬೋರು ಯಾರು? ಅದನ್ನು ಸರಿ ಮಾಡಿದೆ.

ಆಮೇಲೆ ಎಸ್‌ಪಿಎಫ್. ನಮ್ಮ ಡೊಮೈನಿನ ಹೆಸರಲ್ಲಿ ಯಾವ ಯಾವ ಸರ್ವರು ಪತ್ರ ಕಳಿಸಬಹುದು ಅಂತ ಬರೆದಿಡೋ ಒಂದು ಸಾಲು. ನಾನು ಎರಡು ಸಾಲು ಬರೆದಿದ್ದೆ, ಒಂದು ಸರ್ವರಿಗೆ, ಇನ್ನೊಂದು ವೆಬ್‌ಸೈಟಿನ ಫಾರಂಗೆ. ಒಂದಕ್ಕಿಂತ ಎರಡು ಒಳ್ಳೇದಲ್ವಾ ಅಂತ. ನಿಯಮದ ಪ್ರಕಾರ ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ, ನೇರ ಎರರ್. ಆರು ವಾರ ಹಾಗೇ ಇತ್ತು. ನಿಮ್ಮ ಕಂಪನಿಯದೂ ಒಮ್ಮೆ ನೋಡಿಕೊಳ್ಳಿ, ಮಾರ್ಕೆಟಿಂಗಿನವರು ಹೊಸ ಟೂಲ್ ತಂದಾಗಲೆಲ್ಲ ಈ ತಪ್ಪು ಆಗುತ್ತೆ.

ಡಿಕಿಮ್ ಅಂದರೆ ಪತ್ರದ ಮೇಲೆ ಒತ್ತೋ ಮೊಹರು. ಮೊಹರು ಅಸಲಿಯೋ ಅಂತ ನೋಡೋಕೆ ಬೇಕಾದ ಕೀಲಿಯನ್ನ ಡಿಎನ್‌ಎಸ್ಸಿನಲ್ಲಿ ಇಡಬೇಕು. 2048 ಬಿಟ್ಟಿನ ಕೀಲಿ 255 ಅಕ್ಷರದ ಒಂದು ತುಂಡಲ್ಲಿ ಹಿಡಿಸಲ್ಲ, ಎರಡು ತುಂಡು ಮಾಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು. ನಾನು ಹಾಗೇ ಅಂಟಿಸಿದ್ದೆ, ಬಾಲ ಕಟ್ ಆಗಿತ್ತು. ಮೊಹರಿನ ಪರೀಕ್ಷೆ ಪ್ರತಿ ಸಲ ಫೇಲು. ಇದಾದಮೇಲೆ ಐಪಿವಿ6. ನನ್ನ ಸರ್ವರಿಗೆ ಎರಡು ವಿಳಾಸ ಇದೆ ಅನ್ನೋದೇ ಮರೆತಿದ್ದೆ. ಪೋಸ್ಟ್‌ಫಿಕ್ಸ್ ಒಮ್ಮೊಮ್ಮೆ ಹೊಸ ಮಾದರಿಯ ವಿಳಾಸದಿಂದ ಕಳಿಸೋದು, ಅದಕ್ಕೆ ಪಿಟಿಆರ್ ಇಲ್ಲ, ಆ ಕಡೆಯವರು ವಾಪಸ್. ಹಾಗಾಗಿ ಒಂದೇ ಪತ್ರ ಬೆಳಿಗ್ಗೆ ಹೋಗುತ್ತೆ, ಮಧ್ಯಾಹ್ನ ಹೋಗಲ್ಲ. ಇಂಥ ತೊಂದರೆ ಹುಡುಕಿದೋರಿಗೆ ಮಾತ್ರ ಗೊತ್ತು, ಭೂತ ಬಿಡಿಸೋರ ಹತ್ತಿರ ಹೋಗೋಣ ಅನ್ಸುತ್ತೆ.

ಕನ್ನಡದ್ದೂ ಒಂದಿತ್ತು. ಪರೀಕ್ಷೆಗೆ ಅಂತ ನಮ್ಮ ಸರ್ವರಿನಲ್ಲೇ ಸ್ಪ್ಯಾಮ್‌ಅಸ್ಯಾಸಿನ್ ಅನ್ನೋ ಫಿಲ್ಟರ್ ಹಾಕ್ಕೊಂಡು ನಮ್ಮ ಪತ್ರವನ್ನೇ ಅದಕ್ಕೆ ತಿನ್ನಿಸಿದೆ. ಅಂಕ ಕಳೆದದ್ದಕ್ಕೆ ಕೊಟ್ಟ ಕಾರಣ: ಪಠ್ಯವನ್ನು ಬೇಸ್64ನಲ್ಲಿ ವೇಷ ಮರೆಸಲಾಗಿದೆ. ಕನ್ನಡದ ಅಕ್ಷರಗಳು ಹಳೇ ಏಳು ಬಿಟ್ಟಿನ ಇಮೇಲಿನಲ್ಲಿ ಹಾಗೇ ಹೋಗಲ್ಲ, ಬೇಸ್64ಕ್ಕೆ ತಿರುಗಿಸಿ ಕಳಿಸೋದು ವಾಡಿಕೆ. ನನ್ನ ಸ್ಕ್ರಿಪ್ಟು ತಿರುಗಿಸಿತ್ತು, ಆದರೆ ಒಳಗಿರೋದು ಯುಟಿಎಫ್-8 ಅಂತ ಹೆಡರಿನಲ್ಲಿ ಹೇಳಿರಲಿಲ್ಲ. ಹೇಳದಿದ್ದರೆ ಫಿಲ್ಟರ್ ಇದು ಇಂಗ್ಲಿಷು, ಏನೋ ಮುಚ್ಚಿಡೋಕೆ ಹೀಗೆ ಸುತ್ತಿದ್ದಾರೆ ಅಂದುಕೊಳ್ಳುತ್ತೆ. ಒಂದು ಸಾಲು ಸೇರಿಸಿದೆ, ಹೋಯ್ತು. ಆದರೂ ವೇಷ ಮರೆಸಿದೆ ಅಂದಿದ್ದು ಸ್ವಲ್ಪ ಹೊತ್ತು ತಲೆಯಲ್ಲೇ ಕೊರೀತಿತ್ತು. ನಮ್ಮ ಅಕ್ಷರ, ನಮ್ಮ ಮಾತು, ಅದಕ್ಕೆ ವೇಷ ಅಂತೆ.

ಇದೆಲ್ಲ ನನ್ನ ತಪ್ಪು, ಯಾರನ್ನೂ ದೂರಲ್ಲ. ಒಂದೊಂದಕ್ಕೂ ಆ ಕಡೆ ಸರ್ವರು 550 ಅಂತಲೋ 421 ಅಂತಲೋ ಹೇಳಿ ಕಾರಣ ಬರೆದು ವಾಪಸ್ ಮಾಡ್ತಿತ್ತು. ಓದಿದೆ, ಕಲಿತೆ, ತಿದ್ದಿಕೊಂಡೆ. ಬೈದು ಬುದ್ಧಿ ಹೇಳೋ ಮೇಷ್ಟ್ರು ಯಾವತ್ತೂ ವಾಸಿ.

ಜಗಳ ಇರೋದು ಇದಾದ ಮೇಲಿನದ್ದಕ್ಕೆ.

ಎಲ್ಲ ಸರಿ ಮಾಡಿದ ಮೇಲೆ ಪರೀಕ್ಷೆ ಮಾಡೋ ತಾಣಗಳಲ್ಲಿ ನಮಗೆ ಹತ್ತಕ್ಕೆ ಹತ್ತು. ಎಸ್‌ಪಿಎಫ್ ಪಾಸು, ಡಿಕಿಮ್ ಪಾಸು, ಡಿಮಾರ್ಕ್ ಪಾಸು. ಕಪ್ಪುಪಟ್ಟಿಗಳಲ್ಲಿ ಹೆಸರಿಲ್ಲ. ಬೌನ್ಸ್ ಬರೋದೇ ನಿಂತು ಹೋಯ್ತು. ಲಾಗಿನ ತುಂಬ 250 ಓಕೆ. ಪತ್ರಗಳು ಮಾತ್ರ ಹೋಗಿ ಬೀಳ್ತಾ ಇದ್ದದ್ದು ಸ್ಪ್ಯಾಮಿಗೆ. ತಪ್ಪು ಮಾಡ್ತಿದ್ದಾಗ ಕಾರಣ ಹೇಳ್ತಿದ್ದರು, ಸರಿಯಾದ ಮೇಲೆ ಮಾತೇ ಬಿಟ್ಟರು.

ಹುಡುಗಿಯ ಫೋನ್ ಬಂದ ಮೇಲೆ ನಾನು ಒಂದು ಕೆಲಸ ಮಾಡಿದೆ. ಅವಳಿಗೆ ಕಳಿಸಿದ್ದ ಪತ್ರವನ್ನೇ ಮತ್ತೆ ಓದಿದೆ. ವಿಷಯ: "ಸಹಾಯಧನಕ್ಕೆ ನೀವು ಆಯ್ಕೆಯಾಗಿದ್ದೀರಿ, 10 ದಿನದೊಳಗೆ ಬ್ಯಾಂಕ್ ವಿವರ ಕಳಿಸಿ." ಅಯ್ಯೋ ದೇವರೇ. ನಾನೇ ಫಿಲ್ಟರ್ ಆಗಿದ್ದರೂ ಸ್ಪ್ಯಾಮಿಗೇ ಹಾಕ್ತಿದ್ದೆ. ಸರಿ, ಫಿಲ್ಟರಿನ ಮೇಲೆ ಯಾಕೆ ಸಿಟ್ಟು ಅಂತ ಸಮಾಧಾನ ಮಾಡಿಕೊಳ್ಳೋ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ಅದೇ ದೊಡ್ಡ ಕಂಪನಿಯಲ್ಲಿ ಹತ್ತು ನಿಮಿಷದಲ್ಲಿ ಒಂದು ಹೊಸ ಬಿಟ್ಟಿ ಖಾತೆ ತೆರೆದು, ಯಾವುದೋ ಹೆಸರು ಕೊಟ್ಟು, ಅಕ್ಷರ ಬದಲಿಸದೆ ಅದೇ ಪತ್ರವನ್ನು ಅವಳ ತಮ್ಮನ ವಿಳಾಸಕ್ಕೆ ಕಳಿಸಿದೆ. ಅವನಿಗೆ ನಮ್ಮಿಂದ ಹಿಂದೆ ಯಾವತ್ತೂ ಪತ್ರ ಹೋಗಿರಲಿಲ್ಲ. ನೇರ ಇನ್‌ಬಾಕ್ಸಿಗೆ ಹೋಯ್ತು. ಅವನ ಅಕ್ಕನಿಗೆ ನಾಲ್ಕು ವರ್ಷದಿಂದ ಒಂದೇ ಕಡೆ ನಿಂತಿರೋ, ಮೊಹರು ಒತ್ತಿ ಕಳಿಸಿದ ಬಳಗದ ಪತ್ರ ಕಸ. ಹತ್ತು ನಿಮಿಷದ ಹಿಂದೆ ಹುಟ್ಟಿದ ಅನಾಮಧೇಯನ ಪತ್ರ ಅಂಚೆ.

ಒಂದು ಪ್ರಯೋಗದಿಂದ ಏನೂ ಸಾಬೀತಾಗಲ್ಲ ಅಂತ ನಿಮ್ಮಲ್ಲಿರೋ ಡೇಟಾ ಸೈಂಟಿಸ್ಟುಗಳು ಹೇಳ್ತೀರಿ. ಸರಿ. ಬಳಗದ ಗೆಳೆಯರು ಮುಂದಿನ ಎರಡು ತಿಂಗಳು ಬೇರೆ ಬೇರೆ ಪತ್ರ ಇಟ್ಟುಕೊಂಡು ಇದನ್ನೇ ಮಾಡಿದರು. ಪ್ರತಿ ಸಲವೂ ಹೀಗೇ ಆಗಲಿಲ್ಲ, ಆದರೆ ಬಹಳ ಸಲ ಹೀಗೇ ಆಯ್ತು. ಪತ್ರದಲ್ಲಿ ಏನಿದೆ ಅನ್ನೋದಕ್ಕಿಂತ ಯಾರ ಮನೆಯಿಂದ ಹೊರಟಿತು ಅನ್ನೋದೇ ತೂಕಕ್ಕೆ ಬರ್ತಿತ್ತು.

ನೀವು ಬೆಂಗಳೂರಿಗೆ ಬಂದ ಹೊಸದರಲ್ಲಿ ಬಾಡಿಗೆ ಮನೆ ಹುಡುಕಿದ್ದು ನೆನಪಿದೆಯಾ? "ಯಾವೂರು? ಏನ್ ಜನ? ನಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ?" ಎಲ್ಲ ಕೇಳಿ, ಕಾಫಿನೂ ಕೊಟ್ಟು, "ಹೇಳ್ತೀವಿ" ಅಂತ ಕಳಿಸಿಬಿಡೋರು. ಇಲ್ಲ ಅಂತ ಬಾಯಿಬಿಟ್ಟು ಹೇಳೋದಿಲ್ಲ. ಇಲ್ಲ ಅಂದರೆ ಯಾಕೆ ಅಂತ ನೀವು ಕೇಳ್ತೀರಲ್ಲ! 250 ಓಕೆ ಅಂದು ಸ್ಪ್ಯಾಮಿಗೆ ಹಾಕೋದು ಅದೇ ಹೇಳ್ತೀವಿ. ಒಂದು ಸಲ ನಮ್ಮ ಪಕ್ಕದ ಐಪಿ ನಂಬರಿನಲ್ಲಿದ್ದ ಯಾರೋ ಪುಣ್ಯಾತ್ಮ ಲಕ್ಷಾಂತರ ಸ್ಪ್ಯಾಮ್ ಕಳಿಸಿದ. 256 ನಂಬರಿನ ಇಡೀ ಬೀದಿಯೇ ಕಪ್ಪುಪಟ್ಟಿಗೆ ಹೋಯ್ತು, ನಮ್ಮ ಮನೆಯೂ ಸೇರಿ. ನಾವೇನೂ ಮಾಡಿಲ್ಲ ಅಂತ ಅರ್ಜಿ ಹಾಕಿದರೆ ಒಬ್ಬರು ಎರಡೇ ದಿನದಲ್ಲಿ ತೆಗೆದರು, ಅವರಿಗೆ ನಮಸ್ಕಾರ. ಇನ್ನೊಬ್ಬರು ಪರಿಶೀಲಿಸಿದ್ದೇವೆ, ನಿಮಗೆ ವಿನಾಯ್ತಿ ಕೊಡಲಾಗದು, ಕಾರಣ ತಿಳಿಸಲಾಗದು ಅನ್ನೋ ಅರ್ಥದ ಉತ್ತರ ಕಳಿಸಿದರು. ಕಳಿಸಿದ್ದು ಇಮೇಲಿನಲ್ಲೇ. ಅದು ಮಾತ್ರ ಚೆನ್ನಾಗಿ ತಲುಪಿತು.

ಈ 250 ಅನ್ನೋದು ಸುಮ್ಮನೆ ಒಂದು ನಂಬರಲ್ಲ. ಇಮೇಲ್ ಸಾಗಿಸೋ ನಿಯಮ, ಎಸ್‌ಎಂಟಿಪಿ, ಬರೆದದ್ದು ಜಾನ್ ಪೋಸ್ಟೆಲ್, 1982ರ ಆಗಸ್ಟಿನಲ್ಲಿ. ಅಂಚೆಯ ನಿಯಮ ಬರೆದವರ ಹೆಸರೇ ಪೋಸ್ಟೆಲ್, ಇದು ನಾನು ಕಟ್ಟಿದ್ದಲ್ಲ. 2008ರಲ್ಲಿ ಅದರ ಪರಿಷ್ಕರಿಸಿದ ಆವೃತ್ತಿ ಬಂತು. ಅದರಲ್ಲಿ ಸ್ಪಷ್ಟವಾಗಿದೆ: ಪತ್ರ ಪೂರ್ತಿ ಬಂದಮೇಲೆ ಒಂದು ಸರ್ವರು ಸರಿ ಅಂದರೆ ಅದನ್ನು ಮುಟ್ಟಿಸೋ ಜವಾಬ್ದಾರಿ ಅದರದ್ದು. ಮುಟ್ಟಿಸಲಾಗದಿದ್ದರೆ ಹಾಗಂತ ಹೇಳೋ ಜವಾಬ್ದಾರಿಯೂ ಅದರದ್ದೇ. ಕ್ಷುಲ್ಲಕ ಕಾರಣಕ್ಕೆ ಪತ್ರ ಕಳೆಯಬಾರದು. ಮೋಸದ್ದೇ ಅಂತ ಬಹಳ ಖಾತ್ರಿ ಇದ್ದಾಗ ಮಾತ್ರ ಸದ್ದಿಲ್ಲದೆ ಬಿಸಾಡೋದನ್ನು ಯೋಚಿಸಬಹುದು. ಮಾತು ಕೊಟ್ಟ ಮೇಲೆ ಮಾತು, ಇಷ್ಟೇ.

ಸ್ಪ್ಯಾಮ್ ಫೋಲ್ಡರಿಗೆ ಹಾಕೋದು ಬಿಸಾಡಿದ ಹಾಗಲ್ಲ, ಕೊಟ್ಟ ಹಾಗೇ ಅಂತ ವಕೀಲರ ಥರ ವಾದಿಸಬಹುದು. ನಿಯಮದ ಅಕ್ಷರಕ್ಕೆ ಅದು ಸರಿ. ಆದರೆ ಜಿಮೇಲಿನಲ್ಲಿ ಸ್ಪ್ಯಾಮ್ ಫೋಲ್ಡರಿಗೆ ಹೋದದ್ದು 30 ದಿನಕ್ಕೆ ತಾನಾಗೇ ಅಳಿಸಿಹೋಗುತ್ತೆ. ಅಂಚೆಯವನು ಪತ್ರವನ್ನು ನಿಮ್ಮ ಮನೆ ಹಿಂದಿನ ತಿಪ್ಪೆಗುಂಡಿಯಲ್ಲಿಟ್ಟು, ಒಂದು ತಿಂಗಳಾದ ಮೇಲೆ ಬೆಂಕಿ ಹಚ್ಚಿ, ಡೆಲಿವರಿ ಆಗಿದೆ ಅಂತ ಸಹಿ ಮಾಡಿದರೆ ನೀವು ಒಪ್ತೀರಾ?

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಬರ್ತಿದ್ದ ಅಂಚೆಯವರನ್ನ ಎಲ್ಲರೂ ಪೋಸ್ಟಣ್ಣ ಅಂತಲೇ ಕರೀತಿದ್ವಿ. ಸೈಕಲ್ಲು, ಖಾಕಿ ಚೀಲ, ಕಿವಿಗೆ ಸಿಕ್ಕಿಸಿದ ಪೆನ್ನು. ಯಾರ ಪತ್ರವನ್ನೂ ಅವರು ಇದು ಓದೋಕೆ ಯೋಗ್ಯವಾ ಅಂತ ತೂಗಿ ನೋಡಿದವರಲ್ಲ. ಸೊಸೈಟಿ ಸಾಲದ ನೋಟೀಸೂ ಬರ್ತಿತ್ತು, ಮುಂಬೈಯಿಂದ ಲಾಟರಿ ಹೊಡೆದಿದೆ ಅನ್ನೋ ಸುಳ್ಳು ಕಾಗದವೂ ಬರ್ತಿತ್ತು. ಓದಿ ಹೇಳು ಅಂದರೆ ಓದಿ, "ಇದು ಮೋಸದ್ದು ಕಣಜ್ಜಿ, ದುಡ್ಡು ಕಳಿಸ್ಬೇಡ" ಅನ್ನೋರು. ಆದರೆ ಕೊಟ್ಟ ಮೇಲೆ ಅನ್ನೋರು. ಮುಚ್ಚಿಟ್ಟು ಅಲ್ಲ.

ಸ್ಪ್ಯಾಮ್ ದೊಡ್ಡ ಪಿಡುಗು ಅನ್ನೋದನ್ನ ನಾನು ಅಲ್ಲಗಳೆಯಲ್ಲ. 1978ರ ಮೇ ತಿಂಗಳಲ್ಲೇ ಗ್ಯಾರಿ ಥರ್ಕ್ ಅನ್ನೋ ಮಾರಾಟಗಾರ ತನ್ನ ಕಂಪನಿಯ ಕಂಪ್ಯೂಟರ್ ಮಾರೋಕೆ ಅರ್ಪಾನೆಟ್ಟಿನ ಸುಮಾರು 400 ಜನಕ್ಕೆ ಒಟ್ಟಿಗೆ ಪತ್ರ ಹಾಕಿದ್ದ. ಅವತ್ತು ಅಂಟಿದ ರೋಗ. ನನ್ನ ಸರ್ವರು ಆನ್ ಮಾಡಿ ಒಂದು ಗಂಟೆ ಕಳೆಯೋ ಮುಂಚೆ ಯಾರೋ ಎಲ್ಲಿಂದಲೋ ಪಾಸ್‌ವರ್ಡ್ ಊಹೆ ಮಾಡೋಕೆ ಶುರು ಮಾಡಿದ್ದರು, ಇವತ್ತಿಗೂ ನಿಲ್ಲಿಸಿಲ್ಲ. ಫಿಲ್ಟರ್ ಬೇಕು. ಕಪ್ಪುಪಟ್ಟಿ ಬೇಕು. 2024ರ ಫೆಬ್ರವರಿಯಿಂದ ಗೂಗಲ್, ಯಾಹೂ ಎರಡೂ ದೊಡ್ಡ ಪ್ರಮಾಣದಲ್ಲಿ ಪತ್ರ ಕಳಿಸೋರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ ಮಾಡಿದವು, 2025ರ ಮೇನಲ್ಲಿ ಮೈಕ್ರೋಸಾಫ್ಟೂ ಅದೇ ದಾರಿ ಹಿಡೀತು. ಒಳ್ಳೇದೇ ಆಯ್ತು. ನಾವು ದಿನಕ್ಕೆ ಐದು ಕಳಿಸೋರು, ಆದರೂ ಮೂರೂ ಮಾಡಿದ್ದೀವಿ.

ಆದರೆ ಆ ನಿಯಮದಲ್ಲೇ ಒಂದು ಲೆಕ್ಕ ನೋಡಿ. ಸ್ಪ್ಯಾಮ್ ಅಂತ ಬರೋ ದೂರು ಶೇಕಡಾ 0.3ರ ಒಳಗಿರಬೇಕು ಅನ್ನುತ್ತೆ ಗೂಗಲ್. ನಾನು ಹದಿನಾಲ್ಕು ಮಕ್ಕಳಿಗೆ ಪತ್ರ ಹಾಕಿ, ಒಬ್ಬನ ಬೆರಳು ತಪ್ಪಿ ಸ್ಪ್ಯಾಮ್ ಗುಂಡಿಗೆ ತಾಗಿದರೆ ಶೇಕಡಾ 7. ನನ್ನ ಮರ್ಯಾದೆ ಎಷ್ಟಿದೆ ಅಂತ ನೋಡಿಕೊಳ್ಳೋಕೆ ಅವರೇ ಒಂದು ಟೂಲ್ ಕೊಟ್ಟಿದ್ದಾರೆ, ಪೋಸ್ಟ್‌ಮಾಸ್ಟರ್ ಟೂಲ್ಸ್ ಅಂತ. ಕಡಿಮೆ ಪತ್ರ ಕಳಿಸೋರಿಗೆ ಅದರಲ್ಲಿ ಏನೂ ಕಾಣಲ್ಲ, ಖಾಲಿ ಪುಟ. ಅಂದರೆ ಹೆಚ್ಚು ಕಳಿಸಿದರೆ ಮಾತ್ರ ನಂಬಿಕೆ ಹುಟ್ಟುತ್ತೆ. ಕಡಿಮೆ ಕಳಿಸೋನು, ಅಂದರೆ ಸ್ಪ್ಯಾಮರ್ ಅಲ್ಲದೋನು, ಲೆಕ್ಕಕ್ಕೇ ಇಲ್ಲ. ಪರಿಚಯ ಇಲ್ಲದೋರಿಗೆ ಸಾಲ ಇಲ್ಲ, ಸಾಲ ತಗೊಳ್ಳದೆ ಪರಿಚಯ ಆಗಲ್ಲ. ಬ್ಯಾಂಕಿನೋರ ಮುಂದೆ ನಮ್ಮಪ್ಪ ಇದೇ ಮಾತಾಡ್ತಿದ್ದರು.

ನನ್ನ ಗೊಣಗಾಟ ಹಳ್ಳಿಯವನದು ಮಾತ್ರ ಅಂದುಕೊಳ್ಳಬೇಡಿ. ಬಾರ್ಸಿಲೋನಾದ ಕಾರ್ಲೋಸ್ ಫೆನೊಯೋಸಾ ಅನ್ನೋ ಇಂಜಿನಿಯರು 1999ರಿಂದ ತನ್ನ ಮೇಲ್ ತಾನೇ ನಡೆಸಿದವನು. 23 ವರ್ಷ ಹೋರಾಡಿ 2022ರ ಸೆಪ್ಟೆಂಬರಿನಲ್ಲಿ ಇನ್ನು ಆಗಲ್ಲ ಅಂತ ಬಹಿರಂಗವಾಗಿ ಬರೆದು ಕೈಚೆಲ್ಲಿದ. ಹೊಸದಾಗಿ ಶುರು ಮಾಡೋಣ ಅನ್ನೋರಿಗೆ ಮೊದಲ ಬಾಗಿಲೇ ಮುಚ್ಚಿದೆ. ಅಮೆಜಾನ್, ಗೂಗಲ್ ಕ್ಲೌಡುಗಳಲ್ಲಿ ಮೇಲ್ ಹೊರಗೆ ಹೋಗೋ ಪೋರ್ಟ್ 25 ಮೊದಲಿಂದಲೇ ಬಂದ್. ಅಮೆಜಾನಿನಲ್ಲಿ ಅರ್ಜಿ ಹಾಕಿದರೆ ತೆಗೆಯಬಹುದು, ಗೂಗಲ್‌ನದ್ದು ಹೊರಗಿನ ವಿಳಾಸಕ್ಕೆ ಮುಚ್ಚಿದ್ದು ಮುಚ್ಚಿದ ಹಾಗೇ.

ತಮಾಷೆ ಅಂದರೆ ಈ ಬಿಟ್ಟಿ ಇಮೇಲು ಶುರುವಾಗಿದ್ದೇ ಬಿಡುಗಡೆ ಅಂತ. ಬೆಂಗಳೂರಿನಲ್ಲಿ ಶಾಲೆ ಕಲಿತ ಸಬೀರ್ ಭಾಟಿಯಾ, ಜ್ಯಾಕ್ ಸ್ಮಿತ್ ಜೊತೆ ಸೇರಿ ಹಾಟ್‌ಮೇಲ್ ಬಿಟ್ಟದ್ದು 1996ರ ಜುಲೈ 4ರಂದು, ಬೇಕಂತಲೇ ಅಮೆರಿಕದ ಸ್ವಾತಂತ್ರ್ಯದ ದಿನ. ಆಫೀಸಿನ, ಇಂಟರ್ನೆಟ್ ಕಂಪನಿಯ ಹಂಗಿಲ್ಲದೆ ಯಾರು ಬೇಕಾದರೂ ವಿಳಾಸ ಪಡೀಬಹುದು ಅನ್ನೋದು ಅವತ್ತಿನ ಸಂಭ್ರಮ. ನನ್ನ ಮೊದಲ ವಿಳಾಸವೂ ಬಿಟ್ಟಿಯದೇ. ಸಿಇಟಿ ಬರೆದ ವರ್ಷ ಹೊಳಲ್ಕೆರೆಯ ಒಂದು ಸೈಬರ್ ಕೆಫೆಯಲ್ಲಿ, ಕರೆಂಟು ಹೋಗೋ ಮುಂಚೆ ಮುಗಿಸು ಅಂತ ಅಂಗಡಿಯವನು ಅವಸರ ಮಾಡ್ತಿದ್ದಾಗ ಮಾಡಿಕೊಂಡದ್ದು. ನಾನು ಉಪ್ಪು ತಿಂದವನೇ. ಒಂದು ಹಂಗಿಂದ ಬಿಡಿಸಿಕೊಂಡು ಇನ್ನೊಂದಕ್ಕೆ ಬಿದ್ವಿ ಅಂತ ಗೊತ್ತಾಗೋಕೆ ಇಪ್ಪತ್ತು ವರ್ಷ ಬೇಕಾಯ್ತು.

ನಮ್ಮ ವೃತ್ತಿಯವರ ಮೇಲೆ ನನಗೆ ಹೆಚ್ಚು ಸಿಟ್ಟು. ಆ ಫಿಲ್ಟರುಗಳ ಕೋಡು ಬರೆಯೋರಲ್ಲಿ ನಮ್ಮೋರೂ ಇದ್ದಾರೆ. ಬೆಳ್ಳಂದೂರು, ವೈಟ್‌ಫೀಲ್ಡ್, ಬಾಗ್ಮನೆಗಳಲ್ಲಿ ಕೂತಿರೋ, ನನ್ನ ಹಾಗೇ ಸರ್ಕಾರಿ ಶಾಲೆಯಿಂದ ಬಂದೋರು. ನಿಮ್ಮನ್ನು ಕೇಳೋದು ಬಹಳ ಸಣ್ಣದು. ಬೇಡದಿದ್ದರೆ ಬಾಗಿಲಲ್ಲೇ ಬೇಡ ಅನ್ನಿ. ಪತ್ರ ಪೂರ್ತಿ ಬಂದಮೇಲೂ 250 ಅನ್ನೋ ಮುಂಚೆ ಫಿಲ್ಟರ್ ಓಡಿಸಿ 550 ಅನ್ನೋಕೆ ನಿಯಮದಲ್ಲಿ ಜಾಗ ಇದೆ, ಸಣ್ಣ ಸಣ್ಣ ಸರ್ವರುಗಳೇ ಅದನ್ನು ಮಾಡ್ತವೆ. ಆಗ ಕಳಿಸಿದೋನಿಗೆ ಹೋಗಿಲ್ಲ ಅಂತ ಗೊತ್ತಾಗುತ್ತೆ, ಫೋನಾದರೂ ಮಾಡ್ತಾನೆ. ಕಾರಣ ಹೇಳಿದರೆ ಸ್ಪ್ಯಾಮರಿಗೆ ಉಪಾಯ ಹೇಳಿಕೊಟ್ಟ ಹಾಗೆ ಅಂತೀರಿ. ಗೊತ್ತು, ಅರ್ಧ ನಿಜ. ಅವನು ಸಾವಿರ ಖಾತೆ ತೆರೆದು, ಸಾವಿರಕ್ಕೂ ತಾನೇ ಕಳಿಸಿ, ಇನ್‌ಬಾಕ್ಸಿಗೆ ಬಿತ್ತಾ ಸ್ಪ್ಯಾಮಿಗೆ ಬಿತ್ತಾ ಅಂತ ದಿನಾ ನೋಡಿಕೊಳ್ತಾನೆ. ಅವನಿಗೆ ಅದೇ ಕಸುಬು. ಕತ್ತಲಲ್ಲಿ ಉಳಿಯೋದು ಹದಿನಾಲ್ಕು ಪತ್ರ ಕಳಿಸೋ ನನ್ನಂಥೋನು.

ಸುಮ್ನೆ ದೊಡ್ಡೋರ ಹತ್ತಿರ ಹೋಗು ಅನ್ನೋ ಉಳಿದೋರಿಗೆ ಒಂದು ಮಾತು. ಸರ್ವರ್ ನಡೆಸಲೇಬೇಕು ಅಂತ ಎಲ್ಲರಿಗೂ ಹೇಳಲ್ಲ, ಅದು ಎಮ್ಮೆ ಸಾಕಿದ ಹಾಗೆ, ಹಬ್ಬಕ್ಕೆ ಊರಿಗೆ ಹೋದಾಗಲೂ ತಲೆಯಲ್ಲಿ ಇರುತ್ತೆ. ಆದರೆ ವಿಳಾಸ ನಿಮ್ಮದಿರಲಿ. ಒಂದು ಡೊಮೈನಿಗೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಒಂದು ಸಂಜೆ ಇಂದಿರಾನಗರದಲ್ಲಿ ಇಬ್ಬರು ಕೂತು ಎದ್ದರೆ ಅದಕ್ಕಿಂತ ಜಾಸ್ತಿ ಬಿಲ್ಲು ಬರುತ್ತೆ. ಕೇಂದ್ರ ಸರ್ಕಾರವೇ ಸುಮಾರು 12 ಲಕ್ಷ ನೌಕರರ ಇಮೇಲನ್ನು ಜೋಹೋದ ವ್ಯವಸ್ಥೆಗೆ ಸಾಗಿಸಿದ ಸುದ್ದಿ 2025ರಲ್ಲಿ ಓದಿದಿರಲ್ಲ. ಮನೆ ಬದಲಾಯ್ತು, ವಿಳಾಸದ ಬಾಲದಲ್ಲಿದ್ದ ಸರ್ಕಾರದ ಡೊಮೈನು ಬದಲಾಗಲಿಲ್ಲ. ಯಾಕಂದರೆ ಅದು ಅವರ ಸ್ವಂತದ್ದು. ನಾಳೆ ನಿಮ್ಮ ಬಿಟ್ಟಿ ಖಾತೆ ನಿಮ್ಮನ್ನು ಹೊರಗಿಟ್ಟರೆ ಬ್ಯಾಂಕು, ಆಧಾರು, ಪಿಎಫ್ಫು, ಎಲ್ಲದರ ಪತ್ರವೂ ಬೇರೆಯವರ ಮನೆ ಬಾಗಿಲಿಗೇ ಹೋಗ್ತಿರುತ್ತೆ. ಮತ್ತೆ ವಾರಕ್ಕೊಂದು ಸಲ ಸ್ಪ್ಯಾಮ್ ಫೋಲ್ಡರ್ ತೆಗೆದು ನೋಡಿ. ಅಲ್ಲಿ ಪಾಪದ ಯಾವುದೋ ಸಂಘದ್ದೋ, ಯಾರೋ ಮೇಷ್ಟ್ರದ್ದೋ ಪತ್ರ ಬಿದ್ದಿದ್ದರೆ ಸ್ಪ್ಯಾಮ್ ಅಲ್ಲ ಅನ್ನೋ ಗುಂಡಿ ಒತ್ತಿ, ಒಂದು ಸಾಲು ಉತ್ತರ ಬರೀರಿ. ಬರೀ ಒತ್ತೋದಕ್ಕಿಂತ ಉತ್ತರಕ್ಕೆ ಬೆಲೆ ಹೆಚ್ಚು, ನನ್ನ ಅನುಭವದಲ್ಲಂತೂ ಉತ್ತರ ಬಂದ ವಿಳಾಸಕ್ಕೆ ಆಮೇಲೆ ಒಂದು ಪತ್ರವೂ ಸ್ಪ್ಯಾಮಿಗೆ ಹೋಗಿಲ್ಲ.

ವಾಟ್ಸ್ಆ್ಯಪ್ ಮಾಡಬಹುದಿತ್ತಲ್ಲ ಅಂತೀರಾ? ಈಗ ಮಾಡ್ತೀವಿ. ಅದು ಯಾರ ಮನೆ ಅಂತ ನಿಮಗೂ ಗೊತ್ತು, ಆ ಜಗಳ ಇನ್ನೊಂದು ದಿನಕ್ಕೆ ಇರಲಿ.

ಹುಡುಗಿಯ ವಿಷಯಕ್ಕೆ ಬರ್ತೀನಿ. ಬಳಗದ ಸಭೆಯಲ್ಲಿ ಮಾತಾಡಿ ಜನವರಿಯಲ್ಲಿ ಅವಳಿಗೆ ಒಂಬತ್ತು ಸಾವಿರ ಕೊಟ್ಟೆವು. ಪೂರ್ತಿ ಕೊಡೋಕೆ ದುಡ್ಡಿರಲಿಲ್ಲ, ಅವಳ ಪಾಲಿನದ್ದು ಆಗಲೇ ಇನ್ನೊಬ್ಬನಿಗೆ ಹೋಗಿತ್ತು. ಅವನೂ ಬಡವನೇ. ಆಗಸ್ಟಿಂದ ಜನವರಿಗೆ ಬಡ್ಡಿನೇ ಎರಡು ಸಾವಿರದ ಏಳುನೂರು ಆಗಿತ್ತು. ಅದನ್ನು ನನ್ನ ಕೈಯಿಂದ ಕಟ್ಟೋಕೆ ಹೋದರೆ ಮಾವ ಬೈದರು. "ನೀನೇನ್ ಮಾಡ್ತೀಯಪ್ಪ, ಕಳ್ಸಿದ್ದು ಕಳ್ಸಿದ್ದೆ."

ಈ ವರ್ಷ ಪತ್ರದ ವಿಷಯ ಬದಲಿಸಿದೆ, ಬ್ಯಾಂಕ್ ಅನ್ನೋ ಮಾತು ತೆಗೆದೆ. ಹದಿಮೂರು ಮಕ್ಕಳಿಗೆ ಇಮೇಲ್ ಹೋಯ್ತು, ಹದಿಮೂರಕ್ಕೂ 250 ಓಕೆ. ಮಾರನೇ ದಿನ ಕೂತು ಹದಿಮೂರು ಜನಕ್ಕೂ ಫೋನ್ ಮಾಡಿದೆ. ಒಂಬತ್ತು ಇನ್‌ಬಾಕ್ಸು, ಮೂರು ಸ್ಪ್ಯಾಮು, ಒಬ್ಬ ಫೋನ್ ಎತ್ತಲಿಲ್ಲ. ಯಾವುದಕ್ಕೂ ಇರಲಿ ಅಂತ ಐದು ರೂಪಾಯಿ ಸ್ಟಾಂಪು ಅಂಟಿಸಿ ಹದಿಮೂರು ಲಕೋಟೆಯನ್ನೂ ಹಾಕಿದ್ದೆ. ಹನ್ನೆರಡು ಹೋದವು. ಒಂದು ಎಂಟು ದಿನ ಬಿಟ್ಟು ನನ್ನ ಬೆಂಗಳೂರಿನ ವಿಳಾಸಕ್ಕೆ ವಾಪಸ್ ಬಂತು, ಫೋನ್ ಎತ್ತದೋನದು. ಲಕೋಟೆಯ ಮೂಲೆಯಲ್ಲಿ ಯಾರೋ ಅಂಚೆಯವರು ನೀಲಿ ಪೆನ್ನಿನಲ್ಲಿ ಬರೆದಿದ್ದರು: "ಮನೆ ಖಾಲಿ ಮಾಡಿದ್ದಾರೆ. ಹೊಸದುರ್ಗದಲ್ಲಿ ಅಜ್ಜಿ ಮನೇಲಿ ಇದ್ದಾನಂತೆ." ಅಜ್ಜಿ ಮನೆ ಯಾವ ಬೀದಿ ಅಂತ ವಿಚಾರಿಸ್ತಾ ಇದ್ದೀನಿ.